ಬೇರೆ ಒಲೆ, ಒಂದೇ ಬಾವಿ: ಗಡುವಿನ ಕೆಲಸಕ್ಕೆ ಕೋರ್ ಮೀಸಲಿಡುವ ಪ್ರಶ್ನೆ

ಮರ ಕೆತ್ತುವ ಒಂದು ಸಣ್ಣ ಸಿಎನ್‌ಸಿ ಯಂತ್ರದ ಲೆಕ್ಕ ಹಾಕೋಣ. ಅದರ ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್ ಪ್ರತಿ ಹೆಜ್ಜೆಯನ್ನೂ ಹತ್ತು ಚೂರು ಮಾಡುತ್ತದೆ. ಮೋಟಾರಿಗೆ ಕಟ್ಟಿದ ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ದೂಡುತ್ತದೆ. ಅಲ್ಲಿಗೆ ಮಿಲಿಮೀಟರಿಗೆ 400 ಹೆಜ್ಜೆಚೂರು. ಟೂಲು ಸೆಕೆಂಡಿಗೆ 50 ಮಿಲಿಮೀಟರ್ ಓಡಬೇಕಾದರೆ ಕಂಪ್ಯೂಟರು ಸೆಕೆಂಡಿಗೆ 20,000 ಪಲ್ಸ್ ಕಳಿಸಬೇಕು, ಎಂದರೆ ಪ್ರತಿ 50 ಮೈಕ್ರೋಸೆಕೆಂಡಿಗೆ ಒಂದು. 3 ಗಿಗಾಹರ್ಟ್ಸ್ ಪ್ರೊಸೆಸರಿನ ಪಾಲಿಗೆ 50 ಮೈಕ್ರೋಸೆಕೆಂಡ್ ಎಂಬುದು ಒಂದೂವರೆ ಲಕ್ಷ ಕ್ಲಾಕ್ ಬಡಿತಗಳ ಬಿಡುವು. ಒಂದು ಪಲ್ಸ್ ಕಳಿಸಲು ಅದರಲ್ಲಿ ಕೊಂಚವೇ ಸಾಕು. ಆದರೂ ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರಿನಿಂದ ಈ ಕೆಲಸ ಮಾಡಿಸಹೊರಟವರಿಗೆ ಆ ಶಬ್ದ ಗೊತ್ತಿರುತ್ತದೆ: ಮೋಟಾರು ಗುರ್ರೆಂದು ನಿಂತಲ್ಲೇ ನಡುಗುವ ಶಬ್ದ. ಬ್ರೌಸರ್ ತೆರೆದಾಗಲೋ ಪೆನ್‌ಡ್ರೈವ್ ಚುಚ್ಚಿದಾಗಲೋ ಪಲ್ಸು ತಡವಾಗಿದೆ, ಸ್ಟೆಪ್ ಮಿಸ್ ಆಗಿದೆ, ಅರ್ಧ ಕೆತ್ತಿದ ಹಲಗೆ ಹಾಳಾಗಿದೆ.

ಇಲ್ಲಿ ಕೊರತೆಯಾಗಿದ್ದು ವೇಗವಲ್ಲ. ವೇಗ ಬೇರೆ, ವೇಳೆ ಬೇರೆ. ನಾವು ಕಂಪ್ಯೂಟರ್ ಕೊಳ್ಳುವಾಗ ನೋಡುವುದು ವೇಗವನ್ನು. ಈ ಯಂತ್ರಕ್ಕೆ ಬೇಕಾದದ್ದು ವೇಳೆಗೆ ಸರಿಯಾಗಿ ಬರುವ ಭರವಸೆ. ಸಾವಿರ ಪಲ್ಸುಗಳಲ್ಲಿ 999 ಬೇಗ ಬಂದು ಒಂದು ತಡವಾದರೆ ಸರಾಸರಿ ಸುಂದರವಾಗಿಯೇ ಇರುತ್ತದೆ, ಹಲಗೆ ಮಾತ್ರ ಕೆಟ್ಟಿರುತ್ತದೆ. ರಿಯಲ್-ಟೈಮ್ ಎಂದು ಕರೆಯುವ ಇಂಥ ಕೆಲಸವನ್ನು ಇಲ್ಲಿ ಗಡುವಿನ ಕೆಲಸ ಎನ್ನುತ್ತೇನೆ.

ಇಂದಿನ ಸಾಧಾರಣ ಡೆಸ್ಕ್‌ಟಾಪ್‌ನಲ್ಲೂ ಆರೋ ಎಂಟೋ ಕೋರ್‌ಗಳಿರುತ್ತವೆ. ಹಾಗಾಗಿ ಯಾರಿಗಾದರೂ ಹೊಳೆಯುವ ಪ್ರಶ್ನೆ: ಒಂದು ಕೋರನ್ನು ಈ ಕೆಲಸಕ್ಕೇ ಮೀಸಲಿಟ್ಟುಬಿಟ್ಟರೆ ಆಗದೇ? ಉಳಿದ ಕೋರ್‌ಗಳಲ್ಲಿ ಬ್ರೌಸರ್, ಮೇಲ್, ಹಾಡು ಏನಾದರೂ ನಡೆಯಲಿ, ಆ ಒಂದರ ತಂಟೆಗೆ ಯಾರೂ ಹೋಗದಿರಲಿ. 1953ರಲ್ಲಿ ಎಚ್‌ಎಂಟಿ ಹುಟ್ಟಿದ, ಪೀಣ್ಯದ ಶೆಡ್‌ಗಳಲ್ಲಿ ಇಂದಿಗೂ ಲೋಹ ಕಡಿಯುವ ಬೆಂಗಳೂರಿಗೆ ಇದು ಪರದೇಶದ ಪ್ರಶ್ನೆಯಲ್ಲ. ಕರ್ನೆಲ್ ಕೋಡ್ ಬರೆಯುವವರೂ ಲೇಥಿನ ಮುಂದೆ ನಿಲ್ಲುವವರೂ ಒಂದೇ ಊರಿನಲ್ಲಿದ್ದಾರೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೋರ್ ಮೀಸಲಿಡುವುದರಿಂದ ನಿಜವಾದ ಲಾಭವಿದೆ, ಆದರೆ ಕಂಪ್ಯೂಟರಿನಲ್ಲಿ ಬೇರ್ಪಡಿಸಲು ಅತಿ ಸುಲಭವಾದದ್ದು ಕೋರೇ. ಅಣ್ಣತಮ್ಮಂದಿರು ಪಾಲಾಗಿ ಬೇರೆ ಒಲೆ ಹಚ್ಚಿದ ಮೇಲೂ ನೀರು ಸೇದುವ ಬಾವಿ ಒಂದೇ ಆಗಿರುತ್ತದಲ್ಲ, ಜಗಳ ಅಲ್ಲಿಂದ ಬರುತ್ತದೆ.

ಡೆಸ್ಕ್‌ಟಾಪ್ ಆಪರೇಟಿಂಗ್ ಸಿಸ್ಟಮ್ ಹುಟ್ಟುವಾಗಲೇ ಪಂಕ್ತಿಭೇದ ಮಾಡದಿರುವ ವ್ರತ ತೊಟ್ಟಿದೆ. ಇದ್ದಬದ್ದ ಕೆಲಸಗಳಿಗೆಲ್ಲ ಸರದಿಯಂತೆ ಬಡಿಸುವುದು ಅದರ ಶೆಡ್ಯೂಲರಿನ ಧರ್ಮ. ಅದರ ಜೊತೆಗೆ ಟೈಮರ್ ಟಿಕ್ ಇದೆ: ಲಿನಕ್ಸ್ ಕರ್ನೆಲನ್ನು 250 ಹರ್ಟ್ಸ್‌ಗೆ ಕಟ್ಟಿದ್ದರೆ ಪ್ರತಿ 4 ಮಿಲಿಸೆಕೆಂಡಿಗೊಮ್ಮೆ ನಡೆಯುತ್ತಿರುವ ಕೆಲಸವನ್ನು ತಡೆದು ಕರ್ನೆಲ್ ತನ್ನ ಲೆಕ್ಕ ಬರೆದುಕೊಳ್ಳುತ್ತದೆ. ನೆಟ್‌ವರ್ಕ್ ಕಾರ್ಡು, ಡಿಸ್ಕು, ಯುಎಸ್‌ಬಿ ಇವೆಲ್ಲ ಇಂಟರಪ್ಟ್ ಎಬ್ಬಿಸಿ ಬಾಗಿಲು ಬಡಿಯುತ್ತವೆ. ಮೆಮೊರಿಯ ಪುಟ ಇನ್ನೂ ಕೈಗೆ ಬಾರದಿದ್ದರೆ ಪೇಜ್ ಫಾಲ್ಟ್ ಆಗಿ ಕೆಲಸ ಕಾಯುತ್ತದೆ. ಬೇರೊಂದು ಕೋರ್‌ನಲ್ಲಿ ಮೆಮೊರಿಯ ನಕಾಶೆ ಬದಲಾದರೆ ನಿನ್ನ ಹಳೆಯ ಪ್ರತಿ ಅಳಿಸಿಕೋ ಎಂದು ಇಲ್ಲಿಗೂ ಸಂದೇಶ ಬರುತ್ತದೆ. ಒಂದೊಂದೂ ಸಣ್ಣ ಅಡ್ಡಿಯೇ. ನಾಲ್ಕು ಒಟ್ಟಿಗೆ ಬಂದ ಕ್ಷಣದಲ್ಲಿ ಮೋಟಾರು ನಡುಗುತ್ತದೆ.

ಕೋರ್ ಮೀಸಲಿನ ಕಲ್ಪನೆ ಡೆಸ್ಕ್‌ಟಾಪಿಗಿಂತ ಮೊದಲೇ ದೊಡ್ಡ ಯಂತ್ರಗಳಲ್ಲಿ ಬೆಳೆದಿತ್ತು. 1990ರ ದಶಕದಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಐರಿಕ್ಸ್ ಸಿಸ್ಟಮ್‌ನಲ್ಲಿ ರಿಯಾಕ್ಟ್ ಎಂಬ ಸೌಲಭ್ಯವಿತ್ತು. ಹಲವು ಪ್ರೊಸೆಸರ್‌ಗಳಿರುವ ಯಂತ್ರದಲ್ಲಿ ಒಂದನ್ನು ನಿರ್ಬಂಧಿತವೆಂದು ಘೋಷಿಸಿ, ಉಳಿದವುಗಳ ಗದ್ದಲದಿಂದ ಬೇರ್ಪಡಿಸಿ, ಕೊನೆಗೆ ಅದರ ಟಿಕ್ಕನ್ನೂ ನಿಲ್ಲಿಸಬಹುದಿತ್ತು. ಇಂದು ಲಿನಕ್ಸ್‌ನಲ್ಲಿ ನಾವು ಮಾಡುವ ಮೂರು ಹೆಜ್ಜೆಗಳೂ ಅಲ್ಲೇ ಇದ್ದವು. 2003ರಲ್ಲಿ ಅಮೆರಿಕದ ಕನ್ಕರೆಂಟ್ ಕಂಪ್ಯೂಟರ್ ಕಂಪನಿಯ ಎಂಜಿನಿಯರುಗಳು ಇದೇ ಉಪಾಯವನ್ನು ಲಿನಕ್ಸ್‌ಗೆ ತಂದು, ಗುರಾಣಿ ಹಿಡಿದ ಪ್ರೊಸೆಸರ್ ಎಂಬರ್ಥದ ಹೆಸರಿಟ್ಟು, ಸಾಮಾನ್ಯ ಲಿನಕ್ಸ್‌ನಲ್ಲೂ ಮಿಲಿಸೆಕೆಂಡಿನೊಳಗೆ ಓಗೊಡಲು ಸಾಧ್ಯ ಎಂದು ತೋರಿಸಿದರು.

ಅದೇ 2003ರಲ್ಲಿ ಲಾಸ್ ಅಲಮಾಸ್ ಪ್ರಯೋಗಾಲಯದಿಂದ ಬಂದ ಒಂದು ಅಧ್ಯಯನ ನನ್ನ ಕಣ್ಣಿಗೆ ಈ ಇಡೀ ಕಥೆಯ ಅತಿ ಸೊಗಸಾದ ಸಾಕ್ಷ್ಯ. ಅಲ್ಲಿನ ಆಸ್ಕಿ-ಕ್ಯೂ ಸೂಪರ್‌ಕಂಪ್ಯೂಟರಿನಲ್ಲಿ 8,192 ಪ್ರೊಸೆಸರ್‌ಗಳಿದ್ದವು, ನೋಡ್ ಒಂದಕ್ಕೆ ನಾಲ್ಕರಂತೆ. ಲೆಕ್ಕ ಹಾಕಿದಷ್ಟು ವೇಗ ಬರುತ್ತಿರಲಿಲ್ಲ. ಫ್ಯಾಬ್ರಿಜಿಯೊ ಪೆಟ್ರಿನಿ ಮತ್ತು ಸಂಗಡಿಗರು ಶೋಧಿಸುತ್ತ ಹೋದಾಗ ಒಂದು ವಿಚಿತ್ರ ಕಂಡಿತು. ದೊಡ್ಡ ಲೆಕ್ಕಗಳಲ್ಲಿ ಪ್ರತಿ ನೋಡ್‌ನ ನಾಲ್ಕೂ ಪ್ರೊಸೆಸರ್ ಬಳಸುವುದಕ್ಕಿಂತ ಮೂರನ್ನೇ ಬಳಸಿದರೆ ಕೆಲಸ ಬೇಗ ಮುಗಿಯುತ್ತಿತ್ತು. ಸಿಸ್ಟಮ್ಮಿನ ಚಿಲ್ಲರೆ ಕೆಲಸಗಳು ನಾಲ್ಕನೆಯದರಲ್ಲಿ ನಡೆದುಹೋಗುತ್ತಿದ್ದವು, ಉಳಿದ ಮೂರಕ್ಕೆ ಅಡ್ಡಿಯಿರಲಿಲ್ಲ. ಸಾವಿರಾರು ಪ್ರೊಸೆಸರ್‌ಗಳು ಒಂದಕ್ಕೊಂದು ಕಾಯುವಾಗ ಎಲ್ಲೋ ಒಂದು ಕಡೆಯ ಸಣ್ಣ ಅಡ್ಡಿ ಎಲ್ಲರ ತಡವಾಗುತ್ತದೆ. ಗದ್ದಲ ತಗ್ಗಿಸಿದ ಮೇಲೆ ಅದೇ ಯಂತ್ರದಲ್ಲಿ ಅವರು ಪರೀಕ್ಷಿಸಿದ ಪ್ರೋಗ್ರಾಮ್ ಸುಮಾರು ಎರಡು ಪಟ್ಟು ವೇಗವಾಗಿ ಓಡಿತು. ಕಾಲು ಭಾಗ ಬಿಟ್ಟುಕೊಟ್ಟೂ ಗೆಲ್ಲಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ನನಗೆ ಗೊತ್ತಿಲ್ಲ.

ಮೇಜಿನ ಮೇಲಿನ ಯಂತ್ರಕ್ಕೆ ಆಗ ಕೊಡಲು ಎರಡನೆಯ ಕೋರೇ ಇರಲಿಲ್ಲ. ಇಂಟೆಲ್ ಮತ್ತು ಎಎಮ್‌ಡಿ ಕಂಪನಿಗಳ ಎರಡು ಕೋರ್‌ಗಳ ಡೆಸ್ಕ್‌ಟಾಪ್ ಚಿಪ್‌ಗಳು ಮಾರುಕಟ್ಟೆಗೆ ಬಂದದ್ದು 2005ರಲ್ಲಿ. ಅದಕ್ಕೂ ಮುಂಚೆ ಉಪಾಯ ಬೇರೆಯೇ ಇತ್ತು. ನ್ಯೂ ಮೆಕ್ಸಿಕೋದಲ್ಲಿ ವಿಕ್ಟರ್ ಯೊಡೈಕೆನ್ ಮತ್ತು ಮೈಕೆಲ್ ಬರಬಾನೊವ್ ಕಟ್ಟಿದ ಆರ್‌ಟಿ-ಲಿನಕ್ಸ್‌ನಲ್ಲಿ ಒಂದು ಪುಟ್ಟ ಕರ್ನೆಲ್ ಕೆಳಗೆ ಕೂತು, ಇಡೀ ಲಿನಕ್ಸನ್ನೇ ತನ್ನ ಅತ್ಯಂತ ಕೆಳದರ್ಜೆಯ ಕೆಲಸವನ್ನಾಗಿ ನಡೆಸುತ್ತಿತ್ತು. ಗಡುವಿನ ಕೆಲಸ ಇಲ್ಲದಿದ್ದಾಗ ಮಾತ್ರ ಲಿನಕ್ಸ್‌ಗೆ ಸರದಿ. ಇಂಟರಪ್ಟುಗಳೂ ಮೊದಲು ಪುಟ್ಟ ಕರ್ನೆಲಿನ ಕೈಗೆ. ಮಿಲಾನಿನ ಪಾಲಿಟೆಕ್ನಿಕ್‌ನ ಪಾವ್ಲೊ ಮಾಂಟೆಗಾಜಾ ಬೆಳೆಸಿದ ಆರ್‌ಟಿಎಐ, ಫಿಲಿಪ್ ಜೆರಮ್ ಆರಂಭಿಸಿದ ಝೆನೊಮಾಯ್ ಇದೇ ದಾರಿ ಹಿಡಿದವು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಹುಟ್ಟಿ, ಈಗ ಲಿನಕ್ಸ್‌ಸಿಎನ್‌ಸಿ ಎಂಬ ಹೆಸರಿನಲ್ಲಿ ಹವ್ಯಾಸಿಗಳ ಹಾಗೂ ಸಣ್ಣ ವರ್ಕ್‌ಶಾಪುಗಳ ಯಂತ್ರ ನಡೆಸುವ ತಂತ್ರಾಂಶ ಬಹುಕಾಲ ಆರ್‌ಟಿಎಐ ಮೇಲೆಯೇ ನಿಂತಿತ್ತು. ಎರಡು ಕೋರ್‌ಗಳ ಕಾಲ ಬಂದಾಗ ಇದೇ ಬಳಗ ಅದರ ರುಚಿಯನ್ನು ಮೊದಲು ಕಂಡುಕೊಂಡವರಲ್ಲಿ ಸೇರಿತ್ತು. ಕೊನೆಯ ಕೋರನ್ನು ಬೇರ್ಪಡಿಸಿ ಲೇಟೆನ್ಸಿ (ಎಷ್ಟು ತಡವಾಗುತ್ತದೆ ಎಂಬುದರ) ಪರೀಕ್ಷೆ ಓಡಿಸಿ ನೋಡುವುದು ಅಲ್ಲಿ ವಾಡಿಕೆಯ ಸಲಹೆಯಾಯಿತು.

ಹೇಗೆ ಬೇರ್ಪಡಿಸುವುದು? ಇಲ್ಲಿ ಕೊಂಚ ನಿಧಾನವಾಗಿ ನಡೆಯಬೇಕು. ಹೆಚ್ಚಿನವರು ಮೊದಲ ಹೆಜ್ಜೆಯಲ್ಲೇ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ.

ಆ ಮೊದಲ ಹೆಜ್ಜೆ ಅಫಿನಿಟಿ: ಈ ಪ್ರೋಗ್ರಾಮ್ ಮೂರನೆಯ ಕೋರ್‌ನಲ್ಲೇ ಓಡಲಿ ಎಂದು ಕಟ್ಟುವುದು. ಟಾಸ್ಕ್‌ಸೆಟ್ ಎಂಬ ಆದೇಶ ಇದನ್ನು ಮಾಡುತ್ತದೆ. ಆದರೆ ನಮ್ಮ ಕೆಲಸ ಆ ಕೋರ್ ಬಿಟ್ಟು ಹೋಗದಂತೆ ಕಟ್ಟಿದೆವೇ ಹೊರತು, ಬೇರೆಯವರು ಅಲ್ಲಿಗೆ ಬಾರದಂತೆ ತಡೆದಿಲ್ಲ. ನಮ್ಮನ್ನು ಕೋಣೆಯಲ್ಲಿ ಕೂಡಿಹಾಕಿ ಬಾಗಿಲು ತೆರೆದಿಟ್ಟ ಹಾಗೆ. ಬಾಗಿಲು ಹಾಕುವುದು ಐಸೊಲ್‌ಸಿಪಿಯೂಸ್ ಎಂಬ ಬೂಟ್ ಆಯ್ಕೆ. ಅಲ್ಲಿ ಹೆಸರಿಸಿದ ಕೋರ್‌ಗಳನ್ನು ಶೆಡ್ಯೂಲರು ತನ್ನ ಹಂಚಿಕೆಯ ಪಟ್ಟಿಯಿಂದಲೇ ತೆಗೆಯುತ್ತದೆ. ಹೇಳಿ ಕಳಿಸಿದವರು ಮಾತ್ರ ಅಲ್ಲಿಗೆ ಹೋಗುತ್ತಾರೆ. ಇದರಲ್ಲೊಂದು ಗುಂಡಿಯಿದೆ, ಬಿದ್ದವರು ಬಹಳ. ಹಂಚಿಕೆ ನಿಂತಿರುವುದರಿಂದ, ನಾಲ್ಕು ಥ್ರೆಡ್‌ಗಳಿರುವ ಪ್ರೋಗ್ರಾಮನ್ನು ಬೇರ್ಪಟ್ಟ ಎರಡು ಕೋರ್‌ಗಳಿಗೆ ಕಳಿಸಿದರೆ ನಾಲ್ಕೂ ಒಂದೇ ಕೋರ್‌ನಲ್ಲಿ ಗುಂಪುಗೂಡಿ ಕೂರಬಹುದು, ಇನ್ನೊಂದು ಖಾಲಿ ಬಿದ್ದಿರಬಹುದು. ಪ್ರತಿ ಥ್ರೆಡ್ಡನ್ನೂ ಕೈಯಾರೆ ಅದರದರ ಜಾಗದಲ್ಲಿ ಕೂರಿಸಬೇಕು.

ಆಮೇಲೆ ಇಂಟರಪ್ಟುಗಳು. ಒಂದೊಂದು ಇಂಟರಪ್ಟು ಯಾವ ಕೋರ್‌ಗೆ ಹೋಗಬೇಕೆಂದು ಬರೆದಿಡಬಹುದು, ಆದರೆ ಅವನ್ನು ತಾನಾಗಿ ಹಂಚುವ ಐಆರ್‌ಕ್ಯೂ-ಬ್ಯಾಲೆನ್ಸ್ ಎಂಬ ಸೇವೆ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ನಾವು ಬರೆದದ್ದನ್ನು ಅದು ತಿದ್ದಿಬಿಡಬಹುದು. ಅದಕ್ಕೂ ಹೇಳಿಡಬೇಕು. ಆಮೇಲೆ ಟಿಕ್. 2013ರಲ್ಲಿ ಬಂದ 3.10 ಕರ್ನೆಲಿನಲ್ಲಿ ಫ್ರೆಡರಿಕ್ ವೈಸ್‌ಬೆಕರ್ ಅವರ ಪ್ರಯತ್ನದಿಂದ, ಕೋರ್‌ನಲ್ಲಿ ಓಡಲು ಸಿದ್ಧವಿರುವ ಕೆಲಸ ಒಂದೇ ಇದ್ದರೆ ಟಿಕ್ಕನ್ನು ನಿಲ್ಲಿಸುವ ಸೌಲಭ್ಯ ಬಂತು. ಪೂರ್ತಿ ನಿಲ್ಲಲಿಲ್ಲ, ಸೆಕೆಂಡಿಗೆ ಒಂದು ಟಿಕ್ ಉಳಿದುಕೊಂಡಿತ್ತು. ಆ ಒಂದನ್ನೂ ಬೇರೆ ಕೋರ್‌ಗೆ ಸಾಗಹಾಕಲು 2018ರ 4.17ರ ತನಕ ಕಾಯಬೇಕಾಯಿತು. ಐದು ವರ್ಷ ಒಂದು ಟಿಕ್ಕಿಗಾಗಿ ಹೆಣಗಿದರಲ್ಲ ಎಂದು ಹೊರಗಿನವರಿಗೆ ಅನಿಸಬಹುದು. ಗಡುವಿನ ಕೆಲಸ ಮಾಡಿದವರಿಗೆ ಅದರ ಬೆಲೆ ಗೊತ್ತು. ಈ ಸೌಲಭ್ಯಕ್ಕೆ ತೆರಬೇಕಾದ ಸುಂಕವೂ ಇದೆ: ಇಂಥ ಕೋರ್‌ನಲ್ಲಿ ಕರ್ನೆಲಿನೊಳಗೆ ಹೋಗಿಬರುವ ಪ್ರತಿ ಸಲವೂ ಸ್ವಲ್ಪ ಹೆಚ್ಚಿನ ಖರ್ಚು. ಗಳಿಗೆಗೊಮ್ಮೆ ಸಿಸ್ಟಮ್ ಕಾಲ್ ಮಾಡುವ ಪ್ರೋಗ್ರಾಮಿಗೆ ಇದು ನಷ್ಟದ ಬಾಬ್ತು. ತನ್ನ ಪಾಡಿಗೆ ಸುತ್ತುತ್ತ ಪಲ್ಸ್ ಕಳಿಸುವ ಕೆಲಸಕ್ಕೆ ಲಾಭ.

ಇಷ್ಟರ ಮೇಲೆ ಕರ್ನೆಲಿನ ಮನೆಗೆಲಸಗಳನ್ನು ಬೇರೆ ಕೋರ್‌ಗೆ ಕಳಿಸಬೇಕು. ಪ್ರೋಗ್ರಾಮಿನ ಮೆಮೊರಿಯನ್ನೆಲ್ಲ ಮೊದಲೇ ಬೀಗ ಹಾಕಿ ಹಿಡಿದುಕೊಳ್ಳಬೇಕು. ಅದಕ್ಕೆ ಫೈಫೊ ಎಂಬ ರಿಯಲ್-ಟೈಮ್ ದರ್ಜೆ ಕೊಡಬೇಕು. ದರ್ಜೆ ಕೊಟ್ಟವರು ಇನ್ನೊಂದು ಸಂಗತಿ ತಿಳಿದಿರಬೇಕು. ರಿಯಲ್-ಟೈಮ್ ಕೆಲಸ ಕೆಟ್ಟು ಕೂತರೆ ಯಂತ್ರವೇ ಹೆಪ್ಪುಗಟ್ಟದಿರಲಿ ಎಂದು ಲಿನಕ್ಸ್ ಬಹುಕಾಲದಿಂದ ಅಂಥ ಕೆಲಸಕ್ಕೆ ಸೆಕೆಂಡಿನಲ್ಲಿ 950 ಮಿಲಿಸೆಕೆಂಡ್ ಮಾತ್ರ ಕೊಟ್ಟು 50 ಮಿಲಿಸೆಕೆಂಡ್ ತಡೆಹಿಡಿಯುತ್ತ ಬಂದಿತ್ತು. ಬಿಡುವಿಲ್ಲದೆ ಸುತ್ತುವ ಕೆಲಸವಾದರೆ ಕೋರ್ ಮೀಸಲಿಟ್ಟೂ ಸೆಕೆಂಡಿಗೊಮ್ಮೆ 50 ಮಿಲಿಸೆಕೆಂಡಿನ ಕಂದಕ! ನಮ್ಮ ಸಿಎನ್‌ಸಿ ಲೆಕ್ಕದಲ್ಲಿ ಅದು ಸಾವಿರ ಪಲ್ಸು. ಈ ಮಿತಿಯನ್ನು ತಿಳಿದು ತೆಗೆಯಬೇಕು. 6.12ರಿಂದ ಈ ವ್ಯವಸ್ಥೆ ಸುಧಾರಿಸಿದೆ: ಸಾಮಾನ್ಯ ಕೆಲಸವೊಂದು ನಿಜವಾಗಿಯೂ ಹಸಿದು ಕಾದಿದ್ದರೆ ಮಾತ್ರ ಅದಕ್ಕೆ ಪಾಲು ಸಿಗುತ್ತದೆ.

ಕರ್ನೆಲಿನ ದಾಖಲೆಯಲ್ಲೇ ಐಸೊಲ್‌ಸಿಪಿಯೂಸ್ ಹಳತಾಯಿತು, ಸಿಪಿಯು-ಸೆಟ್ ಬಳಸಿ ಎಂದು ಬರೆದಿದೆ. ಬೂಟ್ ಆಯ್ಕೆಯನ್ನು ಬದಲಿಸಲು ಯಂತ್ರವನ್ನು ಮತ್ತೆ ಶುರುಮಾಡಬೇಕು. ಸಿಪಿಯು-ಸೆಟ್‌ನಲ್ಲಿ ಓಡುತ್ತಿರುವಾಗಲೇ ಕೋರನ್ನು ಕೊಟ್ಟು ಹಿಂಪಡೆಯಬಹುದು. 2022ರ ಕೊನೆಗೆ ಬಂದ 6.1ರಲ್ಲಿ ಹಂಚಿಕೆಯಿಂದ ಪೂರ್ತಿ ಹೊರಗಿರುವ ವಿಭಾಗವನ್ನೂ ಹೀಗೆ ಮಾಡಬಹುದಾಯಿತು. ಡೆಸ್ಕ್‌ಟಾಪಿಗೆ ಸರಿಯಾದ ದಾರಿ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಸರ್ವರ್ ಇಡೀ ದಿನ ಒಂದೇ ಕೆಲಸ ಮಾಡುತ್ತದೆ. ಮೇಜಿನ ಕಂಪ್ಯೂಟರು ಬೆಳಿಗ್ಗೆ ಹಲಗೆ ಕೆತ್ತಿ, ಸಂಜೆ ವಿಡಿಯೊ ಸಂಕಲನ ಮಾಡುತ್ತದೆ. ಸಂಜೆಯ ಹೊತ್ತಿಗೆ ನಾಲ್ಕರಲ್ಲಿ ಒಂದು ಕೋರ್ ಸುಮ್ಮನೆ ಮಲಗಿರುವುದು ಕಾಲು ಭಾಗ ಯಂತ್ರವನ್ನು ಕಸಕ್ಕೆ ಹಾಕಿದ ಹಾಗೆ.

ಈಗ ಬಾವಿಯ ಮಾತು. ಇದನ್ನೆಲ್ಲ ಶ್ರದ್ಧೆಯಿಂದ ಮಾಡಿ ಮುಗಿಸಿದ ಕೋರ್ ಮೇಲೆ ಶೆಡ್ಯೂಲರು ಇಲ್ಲ, ಟಿಕ್ ಇಲ್ಲ, ಇಂಟರಪ್ಟ್ ಇಲ್ಲ. ಆದರೂ ಅದು ಒಂಟಿಯಲ್ಲ. ಚಿಪ್ಪಿನ ಕೊನೆಯ ಹಂತದ ಕ್ಯಾಶ್ ಸಾಮಾನ್ಯವಾಗಿ ಹಲವು ಕೋರ್‌ಗಳ ಸಮಪಾಲಿನ ಆಸ್ತಿ. ಪಕ್ಕದ ಕೋರ್‌ನಲ್ಲಿ ಬ್ರೌಸರ್ ದೊಡ್ಡ ಚಿತ್ರಗಳನ್ನು ಎಳೆದುಕೊಂಡಾಗ ನಮ್ಮ ಪಲ್ಸ್ ಕೋಡು ಕ್ಯಾಶ್‌ನಿಂದ ಹೊರಬೀಳುತ್ತದೆ. ಹತ್ತಿರದ ಕ್ಯಾಶ್‌ನಲ್ಲಿ ನಾಲ್ಕೈದು ಬಡಿತಗಳಲ್ಲಿ ಸಿಗುತ್ತಿದ್ದ ದತ್ತಾಂಶಕ್ಕೆ ಮುಖ್ಯ ಮೆಮೊರಿಯವರೆಗೆ ಹೋದರೆ ಇನ್ನೂರು ಮುನ್ನೂರು ಬಡಿತ ಬೇಕು. ಆ ಮೆಮೊರಿಯ ಬಾಗಿಲಲ್ಲೂ ಎಲ್ಲ ಕೋರ್‌ಗಳದ್ದು ಒಂದೇ ಸಾಲು. ಗ್ರಾಫಿಕ್ಸ್ ಭಾಗವೂ ಅದೇ ಚಿಪ್ಪಿನಲ್ಲಿದ್ದರೆ ಅದೂ ಅಲ್ಲೇ ನಿಲ್ಲುತ್ತದೆ. ಕ್ಯಾಶನ್ನೂ ಪಾಲುಮಾಡುವ ಸೌಲಭ್ಯ ಇಂಟೆಲ್ ಚಿಪ್‌ಗಳಲ್ಲಿ ಬಂದಿದೆ, 2017ರ 4.10 ಕರ್ನೆಲಿನಿಂದ ಲಿನಕ್ಸ್ ಅದನ್ನು ಬಳಸಬಲ್ಲದು. ಆದರೆ ಅದು ಸಿಗುವುದು ಹೆಚ್ಚಾಗಿ ಸರ್ವರ್ ಚಿಪ್‌ಗಳಲ್ಲಿ, ನಮ್ಮ ಮೇಜಿನ ಮೇಲೆ ಅಪರೂಪ.

ಹೈಪರ್‌ಥ್ರೆಡಿಂಗ್ ಇರುವ ಚಿಪ್ಪಿನಲ್ಲಿ ಇನ್ನೂ ಹತ್ತಿರದ ದಾಯಾದಿಯಿದ್ದಾನೆ. ಎಂಟು ಸಿಪಿಯು ಎಂದು ಪಟ್ಟಿ ತೋರಿಸಿದರೂ ಒಳಗಿರುವುದು ನಾಲ್ಕೇ ಕೋರ್, ಜೋಡಿಗಳು ಒಂದೇ ಯಂತ್ರಾಂಗವನ್ನು ಹಂಚಿಕೊಂಡಿರುತ್ತವೆ. ಜೋಡಿಯಲ್ಲಿ ಒಂದನ್ನು ಮಾತ್ರ ಮೀಸಲಿಟ್ಟು ಇನ್ನೊಂದನ್ನು ಬ್ರೌಸರಿಗೆ ಬಿಟ್ಟರೆ ಮೀಸಲಿಗೆ ಅರ್ಥವೇ ಉಳಿಯುವುದಿಲ್ಲ. ಎರಡನ್ನೂ ತೆಗೆದುಕೊಳ್ಳಬೇಕು, ಇಲ್ಲವೆ ಹೈಪರ್‌ಥ್ರೆಡಿಂಗನ್ನೇ ಆಫ್ ಮಾಡಬೇಕು. 2021ರ ಆಲ್ಡರ್ ಲೇಕ್‌ನಿಂದ ಇಂಟೆಲ್ ಡೆಸ್ಕ್‌ಟಾಪ್ ಚಿಪ್‌ಗಳಲ್ಲೂ ದೊಡ್ಡ ಕೋರ್, ಸಣ್ಣ ಕೋರ್ ಎಂಬ ಎರಡು ಜಾತಿ ಬಂದಿರುವುದರಿಂದ ಯಾವ ಸಂಖ್ಯೆಯ ಹಿಂದೆ ಯಾವ ಕೋರ್ ಇದೆಯೆಂದು ನೋಡಿಯೇ ಕೈಹಾಕಬೇಕು.

ವಿದ್ಯುತ್ ಉಳಿತಾಯವೂ ಗಡುವಿನ ವೈರಿ. ಕೆಲಸವಿಲ್ಲದ ಕೋರನ್ನು ಚಿಪ್ಪು ಹಂತ ಹಂತವಾಗಿ ನಿದ್ದೆಗೆ ದೂಡುತ್ತದೆ. ಗಾಢನಿದ್ದೆಯಿಂದ ಎಚ್ಚರವಾಗಲು ಹತ್ತಾರು ಮೈಕ್ರೋಸೆಕೆಂಡ್, ಕೆಲವೊಮ್ಮೆ ನೂರಕ್ಕೂ ಮೇಲೆ. ಇದರಿಂದ ಹೊಸಬರನ್ನು ಬೆಚ್ಚಿಬೀಳಿಸುವ ಒಂದು ವಿಪರ್ಯಾಸ ಹುಟ್ಟುತ್ತದೆ: ಯಂತ್ರದ ಮೇಲೆ ಭಾರ ಹೇರಿದಾಗ ಚೆನ್ನಾಗಿದ್ದ ಲೇಟೆನ್ಸಿ, ಯಂತ್ರ ಸುಮ್ಮನಿದ್ದಾಗ ಹದಗೆಡುತ್ತದೆ. ಮೀಸಲು ಕೋರ್‌ಗೆ ಗಾಢನಿದ್ದೆಯನ್ನು ನಿಷೇಧಿಸಲೇಬೇಕು. ಕರೆಂಟ್ ಬಿಲ್ಲೂ ಫ್ಯಾನಿನ ಸದ್ದೂ ಅದರ ಬೆಲೆ.

ಎಲ್ಲಕ್ಕಿಂತ ಕೆಳಗಿರುವ ಅಡ್ಡಿ ಎಸ್‌ಎಮ್‌ಐ. 1990ರ 386ಎಸ್‌ಎಲ್ ಚಿಪ್ಪಿನಿಂದ ಇಂಟೆಲ್ ಪ್ರೊಸೆಸರ್‌ಗಳಲ್ಲಿರುವ ಈ ಇಂಟರಪ್ಟು ಬಂದರೆ ಬಯೋಸ್‌ನವರು ಬರೆದ ಕೋಡು ಓಡುತ್ತದೆ, ಆಪರೇಟಿಂಗ್ ಸಿಸ್ಟಮ್ಮಿಗೆ ಆ ಹೊತ್ತಿನಲ್ಲಿ ಏನಾಯಿತೆಂದೇ ತಿಳಿಯುವುದಿಲ್ಲ. ತಡೆಯುವ ಅಧಿಕಾರವೂ ಅದಕ್ಕಿಲ್ಲ. ನಾನೊಮ್ಮೆ ಹಳೆಯ ಡೆಸ್ಕ್‌ಟಾಪೊಂದರಲ್ಲಿ ಮೇಲೆ ಹೇಳಿದ ಹೆಜ್ಜೆಗಳನ್ನೆಲ್ಲ ಇಟ್ಟು ರಾತ್ರಿಯಿಡೀ ಅಳತೆಗೆ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಲಕ್ಷಾಂತರ ಅಳತೆಗಳು 15 ಮೈಕ್ರೋಸೆಕೆಂಡಿನೊಳಗೆ, ಬೆರಳೆಣಿಕೆಯಷ್ಟು ಮಾತ್ರ 300ರ ಹತ್ತಿರ. ಕರ್ನೆಲಿನ ಆಯ್ಕೆಗಳನ್ನು ಹಿಂದುಮುಂದು ಮಾಡುತ್ತ ನಾಲ್ಕು ದಿನ ಕಳೆದೆ. ಕೊನೆಗೆ ಬಯೋಸ್ ಪರದೆಯಲ್ಲಿ ಹಳೆಯ ಯುಎಸ್‌ಬಿ ಕೀಬೋರ್ಡುಗಳಿಗೆಂದು ಇದ್ದ ಒಂದು ಬೆಂಬಲವನ್ನು ಆಫ್ ಮಾಡಿದೆ. ಅವತ್ತಿನಿಂದ 300 ಮತ್ತೆ ಕಾಣಲಿಲ್ಲ. ಕೋರ್ ಬೇರ್ಪಡಿಸುವ ಮೊದಲು ಮದರ್‌ಬೋರ್ಡು ತಕ್ಕದ್ದೇ ಎಂದು ನೋಡು ಎಂಬ ಪಾಠವನ್ನು ನಾನು ಹೀಗೆ ಕಲಿತೆ.

ಹಾರ್ಡ್‌ವೇರಿನ ಬಾವಿಯಂತೆ ಸಾಫ್ಟ್‌ವೇರಿನಲ್ಲೂ ಒಂದು ಬಾವಿಯಿದೆ: ಲಾಕ್. ಮೀಸಲು ಕೋರ್‌ನಲ್ಲಿರುವ ಕೆಲಸಕ್ಕೆ ಬೇಕಾದ ಬೀಗದ ಕೈ, ಬೇರೆ ಕೋರ್‌ನಲ್ಲಿ ಸರದಿಗೆ ಕಾಯುತ್ತ ಕೂತ ಬಡಪಾಯಿ ಥ್ರೆಡ್ಡಿನ ಬಳಿ ಇದ್ದರೆ ಏನು ಗತಿ? 1997ರ ಜುಲೈನಲ್ಲಿ ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆ ಮತ್ತೆ ಮತ್ತೆ ತಾನಾಗಿ ರೀಸೆಟ್ ಆಗತೊಡಗಿದ್ದು ಇದೇ ರೋಗದಿಂದ, ಮೇಲ್ದರ್ಜೆಯ ಕೆಲಸ ಕೆಳದರ್ಜೆಯದಕ್ಕೆ ಕಾಯುವಂತಾಗಿ. ಲಾಕ್ ಹಿಡಿದವನಿಗೆ ಕಾಯುವವನ ದರ್ಜೆಯನ್ನು ತಾತ್ಕಾಲಿಕವಾಗಿ ಕೊಡುವ ಆಯ್ಕೆಯನ್ನು ಭೂಮಿಯಿಂದಲೇ ಆನ್ ಮಾಡಿ ಅದನ್ನು ಸರಿಪಡಿಸಿದರು. ಅದು ಒಂದೇ ಪ್ರೊಸೆಸರಿನ ನೌಕೆ. ಹಲವು ಕೋರ್‌ಗಳಲ್ಲಿ ಈ ರೋಗ ಕಡಿಮೆಯಾಗುವುದಿಲ್ಲ, ಅಡಗಿಕೊಳ್ಳುತ್ತದೆ. ಮೀಸಲು ಕೋರ್‌ನ ಕೆಲಸ ಹೊರಗಿನವರೊಂದಿಗೆ ಲಾಕ್ ಇಲ್ಲದ ಸರದಿಪಟ್ಟಿಯ ಮೂಲಕ ಮಾತ್ರ ಮಾತಾಡುವಂತೆ ಬರೆಯುವುದು ಇದಕ್ಕೆ ಮದ್ದು.

ಸಿದ್ಧಾಂತಿಗಳು ಈ ವಿಷಯದಲ್ಲಿ ಏನೆನ್ನುತ್ತಾರೆ? 1973ರಲ್ಲಿ ಲಿಯು ಮತ್ತು ಲೇಲ್ಯಾಂಡ್ ಒಂದು ಪ್ರೊಸೆಸರಿನ ಮಟ್ಟಿಗೆ ಲೆಕ್ಕ ಹಾಕಿಕೊಟ್ಟರು: ಪದೇ ಪದೇ ಬರುವ ಕೆಲಸಕ್ಕೆ ಹೆಚ್ಚು ದರ್ಜೆ ಎಂಬ ಸ್ಥಿರ ನಿಯಮದಲ್ಲಿ, ಕೆಲಸಗಳು ಎಷ್ಟೇ ಇರಲಿ, ಒಟ್ಟು ಭಾರ ಸುಮಾರು ಶೇ. 69ರೊಳಗಿದ್ದರೆ ಗಡುವು ತಪ್ಪದು; ಯಾರ ಗಡುವು ಹತ್ತಿರವೋ ಅವರಿಗೆ ಮೊದಲು ಎಂಬ ನಿಯಮದಲ್ಲಿ ಶೇ. 100ರವರೆಗೂ. ಐದು ವರ್ಷಗಳ ನಂತರ ಸುದರ್ಶನ್ ಢಲ್ ಮತ್ತು ಲಿಯು ಹಲವು ಪ್ರೊಸೆಸರ್‌ಗಳ ಕಡೆ ನೋಡಿದಾಗ ಕಂಡದ್ದು ಬೇರೆ. ಎಂಟು ಪ್ರೊಸೆಸರ್‌ಗಳಿವೆ ಎನ್ನಿ. ಎಂಟು ಪುಟ್ಟ ಕೆಲಸಗಳೂ ಒಂದು ದೊಡ್ಡ ಕೆಲಸವೂ ಒಟ್ಟಿಗೆ ಬಂದವು. ಗಡುವು ಹತ್ತಿರವಿರುವ ಪುಟ್ಟವು ಎಂಟೂ ಜಾಗ ಹಿಡಿದು ಮುಗಿಸುವಷ್ಟರಲ್ಲಿ ದೊಡ್ಡದರ ಗಡುವು ಮೀರುತ್ತದೆ. ಒಟ್ಟು ಭಾರ ಒಂದು ಪ್ರೊಸೆಸರಿಗಿಂತ ತುಸುವೇ ಹೆಚ್ಚು, ಏಳರಷ್ಟು ಖಾಲಿ, ಆದರೂ ಸೋಲು! ದೊಡ್ಡ ಕೆಲಸಕ್ಕೆ ಒಂದು ಪ್ರೊಸೆಸರ್ ಬಿಟ್ಟುಕೊಟ್ಟು ಪುಟ್ಟವನ್ನೆಲ್ಲ ಉಳಿದವುಗಳಿಗೆ ಹಂಚಿದರೆ ಸಮಸ್ಯೆಯೇ ಇಲ್ಲ. ಕೋರ್ ಮೀಸಲಿಡುವ ವಾಡಿಕೆಗೆ ಗಣಿತದ ಸಮರ್ಥನೆ ಇಲ್ಲಿದೆ. ಹಂಚಿಕೆಯ ಹೊರೆ ಮಾತ್ರ ಕೈಯಾರೆ ಮಾಡುವವರ ಮೇಲೆ: ಯಾವ ಕೆಲಸ ಯಾವ ಕೋರ್‌ಗೆ ಎಂಬುದು ಬೇರೆ ಬೇರೆ ಗಾತ್ರದ ಮೂಟೆಗಳನ್ನು ಚೀಲಗಳಿಗೆ ತುಂಬುವ ಕಠಿಣ ಲೆಕ್ಕವೇ. ಮೇಜಿನ ಯಂತ್ರದಲ್ಲಿ ಗಡುವಿನ ಕೆಲಸ ಒಂದೋ ಎರಡೋ ಇರುವುದರಿಂದ ಆ ಕಷ್ಟ ನಮ್ಮನ್ನು ಅಷ್ಟಾಗಿ ಬಾಧಿಸುವುದಿಲ್ಲ.

ವಿಂಡೋಸ್ ಲೋಕದಲ್ಲಿ ಈ ವಿಚಾರ ವಾಣಿಜ್ಯದ ದಾರಿಯಲ್ಲಿ ಬೆಳೆಯಿತು. ಅದರ ಸಹಜ ಟಿಕ್ 15.6 ಮಿಲಿಸೆಕೆಂಡಿನದು. ಇಂಟರ್ವಲ್‌ಝೀರೊ ಕಂಪನಿಯ ಆರ್‌ಟಿಎಕ್ಸ್64, ಜರ್ಮನಿಯ ಬೆಕ್‌ಹಾಫ್ ಕಂಪನಿಯ ಟ್ವಿನ್‌ಕ್ಯಾಟ್ 3 ಇವು ಕೆಲವು ಕೋರ್‌ಗಳನ್ನು ವಿಂಡೋಸ್‌ನ ಕೈಯಿಂದಲೇ ತೆಗೆದು ತಮ್ಮ ರಿಯಲ್-ಟೈಮ್ ವ್ಯವಸ್ಥೆಗೆ ಕೊಡುತ್ತವೆ. ಕಾರ್ಖಾನೆಗಳಲ್ಲಿ ಇದು ಒಗ್ಗಿದ ಪದ್ಧತಿ. ಮೈಕ್ರೋಸಾಫ್ಟ್ ಕೂಡ ವಿಂಡೋಸ್ 10ರ ಐಒಟಿ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಕೋರ್ ಬೇರ್ಪಡಿಸುವ ಸೌಲಭ್ಯ ತಂದಿದೆ. ಆ್ಯಪಲ್‌ನ ಮ್ಯಾಕ್ ಮಾತ್ರ ಇದಕ್ಕೆ ವಿರುದ್ಧ ದಿಕ್ಕಿನದು. ಇಂಥ ಕೋರ್ ನನಗೇ ಬೇಕು ಎಂದು ಹೇಳಲು ಅಲ್ಲಿ ಅವಕಾಶವಿಲ್ಲ. ಇಷ್ಟು ಹೊತ್ತಿಗೊಮ್ಮೆ ಇಷ್ಟು ಕೆಲಸ, ಇಷ್ಟರೊಳಗೆ ಮುಗಿಯಬೇಕು ಎಂದು ಥ್ರೆಡ್ ಅರ್ಜಿ ಹಾಕಿಕೊಳ್ಳುತ್ತದೆ, ಜಾಗವನ್ನು ಸಿಸ್ಟಮ್ಮೇ ನಿರ್ಧರಿಸುತ್ತದೆ. ಸಂಗೀತ ಮುದ್ರಿಸುವವರು ಮ್ಯಾಕನ್ನು ನಂಬುತ್ತ ಬಂದಿರುವುದನ್ನು ನೋಡಿದರೆ, ಮಿಲಿಸೆಕೆಂಡಿನ ಗಡುವಿಗೆ ಈ ಅರ್ಜಿ ಪದ್ಧತಿ ಸಾಕು ಎನ್ನಬೇಕಾಗುತ್ತದೆ.

ಆ ಮಿಲಿಸೆಕೆಂಡ್, ಮೈಕ್ರೋಸೆಕೆಂಡ್ ವ್ಯತ್ಯಾಸವೇ ನಿರ್ಣಾಯಕ. 48 ಕಿಲೋಹರ್ಟ್ಸ್‌ನಲ್ಲಿ 64 ಸ್ಯಾಂಪಲ್‌ಗಳ ಬಫರ್ ಇಟ್ಟು ವೀಣೆಯನ್ನೋ ಗಿಟಾರನ್ನೋ ಮುದ್ರಿಸುವವರಿಗೆ ಗಡುವು 1.33 ಮಿಲಿಸೆಕೆಂಡ್. ಸಿಎನ್‌ಸಿಯ 50 ಮೈಕ್ರೋಸೆಕೆಂಡಿಗೆ ಹೋಲಿಸಿದರೆ ಇದು ಸುಮಾರು ಇಪ್ಪತ್ತೇಳು ಪಟ್ಟು ಉದಾರ. ಇಂಥವರಿಗೆ ಕೋರ್ ಮೀಸಲಿಡುವ ಅಗತ್ಯ ಈಗ ಬಹುಮಟ್ಟಿಗೆ ಹೋಗಿದೆ, ಕಾರಣ ಪ್ರಿಎಂಪ್ಟ್-ಆರ್‌ಟಿ. 2004ರಿಂದ ಇಂಗೊ ಮೊಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮತ್ತು ಸಂಗಡಿಗರು ಕರ್ನೆಲನ್ನೇ ಒಳಗಿನಿಂದ ತಿದ್ದುತ್ತ ಬಂದರು: ಇಂಟರಪ್ಟಿನ ಕೆಲಸವನ್ನು ಥ್ರೆಡ್‌ಗಳಿಗೆ ವರ್ಗಾಯಿಸಿ, ಲಾಕ್‌ಗಳನ್ನು ನಡುವೆ ತಡೆಯಬಹುದಾದಂತೆ ಮಾಡಿ, ಮೇಲ್ದರ್ಜೆಯ ಕೆಲಸಕ್ಕೆ ಹೆಚ್ಚುಕಡಿಮೆ ಎಲ್ಲಿ ಬೇಕಾದರೂ ದಾರಿ ಬಿಡುವಂತೆ. ಇಪ್ಪತ್ತು ವರ್ಷ ಅದು ಮುಖ್ಯ ಕರ್ನೆಲಿನ ಹೊರಗೇ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ ವಿಯೆನ್ನಾದಲ್ಲಿ ಗ್ಲೈಕ್ಸ್‌ನರ್ ಕೊನೆಯ ಮನವಿಯನ್ನು ಕಾಗದದಲ್ಲಿ ಮುದ್ರಿಸಿ ಚಿನ್ನದ ಬಣ್ಣದ ಹೊದಿಕೆಯಲ್ಲಿ ಸುತ್ತಿ ಲಿನಸ್ ಟೊರ್ವಾಲ್ಡ್ಸ್ ಕೈಗಿತ್ತರು. ನವೆಂಬರ್ 17ರಂದು ಬಂದ 6.12ರಲ್ಲಿ ಅದು ಸೇರಿತು. ಇಷ್ಟು ದೀರ್ಘ ತಾಳ್ಮೆಯ ಕೆಲಸವನ್ನು ಕಂಡಾಗ ಗೌರವ ಹುಟ್ಟುತ್ತದೆ.

ಹಾಗಾದರೆ ಕೋರ್ ಮೀಸಲು ಯಾರಿಗೆ? ಗಡುವು ನೂರಾರು ಮೈಕ್ರೋಸೆಕೆಂಡಿಗಿಂತ ಸಡಿಲವಿದ್ದರೆ ಪ್ರಿಎಂಪ್ಟ್-ಆರ್‌ಟಿ, ಸರಿಯಾದ ದರ್ಜೆ, ಬೀಗ ಹಾಕಿದ ಮೆಮೊರಿ ಇಷ್ಟರಿಂದ ಶುರುಮಾಡಿ. ಸಾಮಾನ್ಯವಾಗಿ ಅಲ್ಲೇ ಮುಗಿಯುತ್ತದೆ. ಹತ್ತಾರು ಮೈಕ್ರೋಸೆಕೆಂಡಿನ ಗಡುವಿದ್ದರೆ ಕೋರನ್ನು ಬೇರ್ಪಡಿಸಿ. ಅದಕ್ಕೂ ಕೆಳಗಿಳಿದರೆ ಡೆಸ್ಕ್‌ಟಾಪ್ ಕೋರ್ ಸರಿಯಾದ ಸಾಧನವೇ ಅಲ್ಲ, ಬೇರೆ ಚಿಪ್ಪು ಬೇಕು. ಈ ಮೂರನೆಯ ದಾರಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. 3ಡಿ ಪ್ರಿಂಟರ್‌ಗಳ ಕ್ಲಿಪ್ಪರ್ ತಂತ್ರಾಂಶ ಲೆಕ್ಕವನ್ನೆಲ್ಲ ರಾಸ್ಪ್‌ಬೆರಿ ಪೈ ಮೇಲೆ ಹಾಕಿ, ಯಾವ ಹೆಜ್ಜೆ ಯಾವ ಕ್ಷಣಕ್ಕೆ ಎಂಬ ಪಟ್ಟಿಯನ್ನು ಮುಂಚಿತವಾಗಿ ಒಂದು ಅಗ್ಗದ ಮೈಕ್ರೋಕಂಟ್ರೋಲರ್‌ಗೆ ಕಳಿಸುತ್ತದೆ. ಲಿನಕ್ಸ್‌ಗೆ ಮಿಲಿಸೆಕೆಂಡುಗಳಷ್ಟು ಸಡಿಲ ಸಿಕ್ಕಿತು, ಮೋಟಾರಿಗೆ ಮೈಕ್ರೋಸೆಕೆಂಡಿನ ನಿಖರತೆ. ಲಿನಕ್ಸ್‌ಸಿಎನ್‌ಸಿ ಬಳಸುವವರು ಮೀಸಾ ಎಂಬ ನಿಯಂತ್ರಣ ಕಾರ್ಡಿಗೆ ಪಲ್ಸ್ ಕೆಲಸ ವಹಿಸಿ, ಕಂಪ್ಯೂಟರಿಗೆ 1 ಮಿಲಿಸೆಕೆಂಡಿನ ಸರ್ವೊ ಕೆಲಸವನ್ನಷ್ಟೇ ಉಳಿಸುತ್ತಾರೆ. ಬೀಗಲ್‌ಬೋನ್ ಬೋರ್ಡಿನ ಚಿಪ್ಪಿನೊಳಗೇ 200 ಮೆಗಾಹರ್ಟ್ಸ್‌ನ ಎರಡು ಪುಟ್ಟ ರಿಯಲ್-ಟೈಮ್ ಕೋರ್‌ಗಳಿವೆ. ಅವಕ್ಕೆ ತಮ್ಮದೇ ಮೆಮೊರಿಯೂ ಇದೆ. ಬೇರೆ ಒಲೆಯ ಜೊತೆ ಬೇರೆ ಬಾವಿಯನ್ನೂ ತೋಡಿದ ಮನೆ ಅದು.

ವಿಮಾನಗಳ ಲೋಕ ಹಂಚಿಕೊಂಡ ಬಾವಿಯ ಬಗ್ಗೆ ಎಷ್ಟು ಎಚ್ಚರವಾಗಿದೆಯೆಂದರೆ, ಬಹುಕೋರ್ ಪ್ರೊಸೆಸರ್‌ಗಳ ಪ್ರಮಾಣೀಕರಣದ ಬಗ್ಗೆ 2016ರಲ್ಲಿ ಹೊರಟ ಕ್ಯಾಸ್ಟ್-32ಎ ದಾಖಲೆ ಕೋರ್‌ಗಳ ನಡುವಿನ ಅಡ್ಡಿಯ ಹಾದಿಗಳನ್ನು ಒಂದೊಂದಾಗಿ ಗುರುತಿಸಿ ತೋರಿಸಬೇಕೆಂದು ಕೇಳಿತು. ಮೇಜಿನ ಕಂಪ್ಯೂಟರಿಗೆ ಅಷ್ಟು ಕಟ್ಟುನಿಟ್ಟು ಬೇಡ. ಕೇಳಬೇಕಾದ ಪ್ರಶ್ನೆ ಮಾತ್ರ ಅದೇ.

ಅಳೆಯದೆ ಯಾವುದನ್ನೂ ನಂಬಬಾರದು. ಸೈಕ್ಲಿಕ್‌ಟೆಸ್ಟ್ ಎಂಬ ಸಾಧನ ಎಚ್ಚರವಾಗಬೇಕಾದ ಗಳಿಗೆಗೂ ಎಚ್ಚರವಾದ ಗಳಿಗೆಗೂ ಇರುವ ಅಂತರವನ್ನು ಹೇಳುತ್ತದೆ. ಜರ್ಮನಿಯ ಒಸ್ಯಾಡ್ಲ್ ಸಂಸ್ಥೆ ಹತ್ತಾರು ಬಗೆಯ ಯಂತ್ರಗಳಲ್ಲಿ ಇದನ್ನು ವರ್ಷಗಟ್ಟಲೆ ಓಡಿಸಿ ನಕ್ಷೆಗಳನ್ನು ಸಾರ್ವಜನಿಕವಾಗಿಟ್ಟಿದೆ. ತಡವಾಯಿತು ಎಂಬುದರ ಜೊತೆಗೆ ಯಾರಿಂದ ತಡವಾಯಿತು ಎಂಬುದನ್ನೂ ಹೇಳುವ ಓಎಸ್-ನಾಯ್ಸ್ ಮತ್ತು ಟೈಮರ್‌ಲ್ಯಾಟ್ ಸಾಧನಗಳು 2021ರ 5.14ರಲ್ಲಿ ಕರ್ನೆಲಿಗೆ ಸೇರಿದವು. ಅವನ್ನು ಬರೆದ ಡೇನಿಯಲ್ ಬ್ರಿಸ್ಟೊಟ್ ಡಿ ಒಲಿವೇರಾ, ಪ್ರಿಎಂಪ್ಟ್-ಆರ್‌ಟಿ ಒಳಗೆ ಸೇರುವುದನ್ನು ನೋಡದೆ 2024ರ ಜೂನ್‌ನಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ನಾನು ನಾಲ್ಕು ದಿನ ಹುಡುಕಿದಂಥ ಕಳ್ಳರನ್ನು ಅವರ ಸಾಧನಗಳು ಈಗ ಕೆಲವೇ ನಿಮಿಷಗಳಲ್ಲಿ ಸುಳಿವು ಸಮೇತ ಹಿಡಿಯುತ್ತವೆ.

ಅಳೆಯುವಾಗ ಸರಾಸರಿಯನ್ನು ಬಿಟ್ಟುಬಿಡಿ, ಗರಿಷ್ಠವನ್ನು ಮಾತ್ರ ಬರೆದುಕೊಳ್ಳಿ. ವಿಡಿಯೊ ಓಡಿಸಿ, ದೊಡ್ಡ ಕಡತ ನಕಲು ಮಾಡಿ, ಪೆನ್‌ಡ್ರೈವ್ ಚುಚ್ಚಿ ತೆಗೆಯಿರಿ, ಆಮೇಲೆ ಯಂತ್ರವನ್ನು ಸುಮ್ಮನೆ ಬಿಟ್ಟೂ ನೋಡಿ. ಐದು ನಿಮಿಷ ಸಾಲದು, ಒಂದು ಇಡೀ ರಾತ್ರಿ ಓಡಲಿ. ಬಂದ ಗರಿಷ್ಠ ನಿಮ್ಮ ಗಡುವಿನ ಅರ್ಧದೊಳಗಿದ್ದರೆ ಮುಂದುವರಿಯಿರಿ, ಇಲ್ಲದಿದ್ದರೆ ಹೊರಗಿನ ಚಿಪ್ಪಿಗೆ ಹಣ ಕೂಡಿಸಿ. ಎರಡರಲ್ಲಿ ಯಾವುದನ್ನು ಆರಿಸಿದರೂ ತುರ್ತು ನಿಲುಗಡೆಯ ಕೆಂಪು ಗುಂಡಿಯ ತಂತಿ ಕಂಪ್ಯೂಟರಿನ ಮೂಲಕ ಹಾಯದಿರಲಿ. ಮೋಟಾರಿನ ವಿದ್ಯುತ್ತನ್ನು ಅದು ನೇರವಾಗಿ ಕಡಿಯುವಂತೆ ಜೋಡಿಸಿ.